ಕೊಬ್ಬಿನಲ್ಲಿ ಹುದುಗಿದ್ದ ಗ್ರಂಥಿ

ಪ್ರಯೋಗಾಲಯದ ಮುಖ್ಯಸ್ಥ ಹೆರಾಲ್ಡ್ ಥೀಸನ್‌ರ ಭಾಷಣಕ್ಕೆ ಒಂದು ಗಂಟೆಯೂ ಉಳಿದಿರಲಿಲ್ಲ. ವಿನಿಪೆಗ್‌ನ ಆ ಕೊರೆಯುವ ಚಳಿಯಲ್ಲಿ ಹೊರಗೆ ಕಾರುಗಳೆಲ್ಲ ಎಂಜಿನ್ ಹೆಪ್ಪುಗಟ್ಟದಂತೆ ಕರೆಂಟಿನ ವೈರು ಸಿಕ್ಕಿಸಿಕೊಂಡು ನಿಂತಿದ್ದರೆ, ಪ್ರಯೋಗಾಲಯದೊಳಗೆ ಅವರ ಕೈಕೆಳಗಿನ ಸಂಶೋಧಕಿ ಮಾರ್ಲಿಸ್ ಬೆವರುತ್ತಿದ್ದಳು.

ಒಂದು ಪ್ರೋಟೀನು ಹೆಚ್ಚಾದರೆ ಅವಳ ಇಲಿಗಳು ಕೊಬ್ಬುತ್ತಿದ್ದವು. ತೂಕದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಅದೇ ಪ್ರೋಟೀನು ರೋಗನಿರೋಧಕ ಕಣಗಳನ್ನೂ ಕೆರಳಿಸಿ ಕೊಬ್ಬಿನೊಳಗೆ ಎಳೆದು ತರುತ್ತದೆ ಎಂಬುದು ಅವಳ ಶೋಧ. ಹೆರಾಲ್ಡ್ ಇವತ್ತು ಹೇಳಲಿದ್ದುದು ಅದನ್ನೇ. ಅವಳ ಕೆಲಸ ಮುಂದುವರಿಯುವುದೂ ಅದರಿಂದಲೇ.

ಭಾಷಣದಲ್ಲಿ ತೋರಿಸಲು ಅವರಿಗೊಂದು ಚಿತ್ರ ಬೇಕಾಗಿತ್ತು. ಅದಕ್ಕೆಂದು, ಒಂದು ಬದಿಯ ಕೊಬ್ಬಿನಲ್ಲಿ ಆ ಕಣಗಳನ್ನು ಎಣಿಸಿದ ದಿನವೇ ಅದೇ ರೀತಿ ಬಿಡಿಸಿ ಸೀಸೆಗೆ ಹಾಕಿಟ್ಟಿದ್ದ, ದಪ್ಪ ಇಲಿಯ ಇನ್ನೊಂದು ಬದಿಯ ತೊಡೆಸಂದಿನ ಕೊಬ್ಬನ್ನು ಕೊಯ್ದಾಗ, ನಡುವೆ ಹೆಸರುಕಾಳಿನಂಥದ್ದೇನೋ ಕಂಡಿತು.

"ಏನಮ್ಮಾ, ಇಲಿಗಿಂತ ನೀನೇ ಬಿಳಿಚಿಕೊಂಡಿದೀಯ?" ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಸಹೋದ್ಯೋಗಿ ರೆನಾಟೊ ಕೇಳಿದ.

"ದುಗ್ಧರಸ ಗ್ರಂಥಿ. ಒಳಗೇ ಉಳ್ಕೊಂಡಿದೆ."

"ತೆಗೀದೆ ಎಣಿಸಿದ್ಯಾ? ಅದು ನಿರೋಧಕ ಕಣಗಳ ಗೂಡು ಮಾರಾಯ್ತಿ. ಲೆಕ್ಕ ಏರದೆ ಇನ್ನೇನಾಗುತ್ತೆ?"

"ಸಣಕಲು ಇಲೀಲಿ ಎದ್ದು ಕಾಣುತ್ತೆ, ತೆಗೆದೆ. ಇವುಗಳಲ್ಲಿ ಕೊಬ್ಬಿನೊಳಗೆ ಹೂತುಹೋಗಿತ್ತು. ಗ್ರಂಥಿ ಅಂದ್ಕೊಂಡು ಬೇರೇನೋ ಕಿತ್ತಿರಬೇಕು."

ಇನ್ನೊಂದು ಸೀಸೆ ತೆರೆದು ಕೊಯ್ದಳು. ಅದರಲ್ಲೂ ಇತ್ತು. ಮತ್ತೊಂದರಲ್ಲೂ. ರೆನಾಟೊನ ನಗೆ ಇಳಿದುಹೋಯಿತು.

"ನಂಗೂ ನಿಂಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ," ಎಂದ ದನಿ ತಗ್ಗಿಸಿ. "ಭಾಷಣ ಮುಗೀಲಿ. ಆಮೇಲೆ ಸದ್ದಿಲ್ಲದೆ ಮತ್ತೆ ಎಣಿಸು."

ಅವಳಿಗೂ ಹಾಗೇ ಅನ್ನಿಸಿತು. ಮೆಟ್ಟಿಲಿಳಿಯುವಾಗಲೂ ಅನ್ನಿಸುತ್ತಲೇ ಇತ್ತು.

ಸಭಾಂಗಣದಲ್ಲಿ ಜನ ತುಂಬುತ್ತಿದ್ದರು. ವೇದಿಕೆಯ ಪಕ್ಕದಲ್ಲಿ ಹೆರಾಲ್ಡ್ ಅವಳು ಹೇಳಿದ್ದನ್ನೆಲ್ಲ ಕಣ್ಣು ಮಿಟುಕಿಸದೆ ಕೇಳಿದರು. ಅವರ ಕಿವಿ ಕೆಂಪೇರಿತು.

"ನಾಳೆ ಹೇಳಬಹುದಿತ್ತು ನೀನು."

"ಅಷ್ಟರಲ್ಲಿ ನೀವು ಇವರಿಗೆಲ್ಲ ಹೇಳಿ ಮುಗಿಸಿರ್ತಿದ್ರಿ."

ಅವರು ಜನರತ್ತ ನೋಡಿದರು. ಮುಂದಿನ ಸಾಲಿನಿಂದ ಯಾರೋ ಕೈಯೆತ್ತಿ ನಕ್ಕರು. ಇವರು ನಗಲಿಲ್ಲ.

"ಹೊಟ್ಟೆಯೊಳಗಿನ ಕೊಬ್ಬು ಇಟ್ಟಿದೀಯಾ? ಅದರಲ್ಲಿ ಈ ಗ್ರಂಥಿ ಕಾಟ ಇಲ್ಲ."

"ಫ್ರೀಜರ್‌ನಲ್ಲಿದೆ. ಅಲ್ಲಿ ನಿರೋಧಕ ಕಣಗಳು ಹೆಚ್ಚಿಲ್ಲದೇ ಹೋದ್ರೆ?"

"ಆಗ ನಮ್ಮ ಹತ್ರ ಕೊಬ್ಬಿದ ಇಲಿಗಳಿವೆ, ಅಷ್ಟೆ." ಕಂಪ್ಯೂಟರಿನತ್ತ ಬಾಗಿ ಭಾಷಣದಲ್ಲಿ ಅವಳ ಹೆಸರಿದ್ದ ಪುಟಗಳನ್ನು ಒಂದೊಂದಾಗಿ ಅಳಿಸತೊಡಗಿದರು. "ಇವತ್ತು ತೂಕದ ಮಾತಾಡ್ತೀನಿ. ನೀನು ಇಲ್ಲಿ ಕೂತು ಮಾಡೋದೇನಿದೆ, ಹೋಗು."

ಮಾರ್ಲಿಸ್ ಹಿಂದಿನ ಬಾಗಿಲಿನಿಂದ ಹೊರಬಿದ್ದು ಫ್ರೀಜರಿನ ಕಡೆಗೆ ಹೆಜ್ಜೆ ಹಾಕಿದಳು.