ಕಚಗುಳಿಯ ಕೈ

ವೈರಲ್ ಜ್ವರ ಬಿಟ್ಟ ವಾರಕ್ಕೇ ಬಸ್ ಓಡಿಸುವ ಅಕ್ಕನ ಬಲಗೈ ಯೂನಿಫಾರ್ಮಿನ ತೋಳಿನೊಳಗೆ ಹೋಗಲು ಸುತರಾಂ ಒಪ್ಪಲಿಲ್ಲ. ಭುಜದಿಂದ ಬೆರಳಿನವರೆಗೂ ಊತ, ಬಿಗಿತ. ಅದೇ ಪಕ್ಕದ ಸ್ತನಕ್ಕೆ ಕ್ಯಾನ್ಸರ್ ಬಂದು ಆಪರೇಷನ್ ಆಗಿ ವರ್ಷಗಳೇ ಕಳೆದಿದ್ದವು. ಕಂಕುಳಿನ ಗ್ರಂಥಿಗಳನ್ನೂ ಆಗಲೇ ತೆಗೆದಿದ್ದರು. ಮತ್ತೆ ಬಂತೇನೋ ಎಂದು ಹೆದರಿದಳು. ತಂಗಿಯೊಬ್ಬಳಿಗೆ ಮಾತ್ರ ಹೇಳಿ, ಅವಳನ್ನೂ ಎಳೆದುಕೊಂಡು ಆಸ್ಪತ್ರೆಗೆ ಓಡಿದಳು.

ಸ್ಕ್ಯಾನ್ ನೋಡಿದ ಡಾಕ್ಟರು, "ಕ್ಯಾನ್ಸರ್ ಅಲ್ಲ, ರಕ್ತಾನೂ ಹೆಪ್ಪುಗಟ್ಟಿಲ್ಲ. ಗ್ರಂಥಿ ತೆಗೆದ ಕೈಯಲ್ಲಿ ದ್ರವ ಇಳಿಯೋ ದಾರಿ ಮೊದಲೇ ಕಿರಿದು. ಜ್ವರ ಬಂದಿದ್ದಕ್ಕೆ ಅಲ್ಲೇ ನಿಂತಿದೆ. ಫಿಸಿಯೋ ಹತ್ರ ಹೋಗಿ" ಎಂದರು.

'ಅಲ್ಲ' ಎಂಬ ಆ ಒಂದು ಮಾತಿಗೆ ಇಬ್ಬರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಫಿಸಿಯೋ ಕೋಣೆಯ ಅಸ್ಥಿಪಂಜರದ ಚಿತ್ರ ಕಂಡರೂ ಇಬ್ಬರಿಗೂ ನಗು.

"ಇವಳು ಡಯಟ್ ಸ್ವಲ್ಪ ಅತಿ ಮಾಡಿದ್ದಾಳೆ ಕಣೇ!" ಎಂದಳು ಅಕ್ಕ.

ಫಿಸಿಯೋ ಹುಡುಗಿ ಮಾತ್ರ ಬಲು ಗಂಭೀರ. ಅಕ್ಕನನ್ನು ಮಲಗಿಸಿ, ಕುತ್ತಿಗೆಯಿಂದ ಶುರುಮಾಡಿ ಹಗುರಾಗಿ ಸವರುತ್ತ ತಂಗಿಗೆ ತೋರಿಸಿದಳು. "ಮನೇಲಿ ನೀವೇ ಮಾಡಬೇಕು. ಒತ್ತಬಾರದು, ಚರ್ಮ ಮಾತ್ರ ಸರೀಬೇಕು."

ತಂಗಿ ತೋಳೇರಿಸಿ ಬಂದಳು.

"ಅಯ್ಯೋ ಮೇಡಂ, ಹಿಟ್ಟು ನಾದ್ತಿದ್ದೀರಾ?" ಎಂದಳು ಫಿಸಿಯೋ.

ತಂಗಿ ಕೈ ಸಡಿಲಿಸಿದಳು. ಬೆರಳು ಪಕ್ಕೆಗೆ ತಾಗಿತೋ ಇಲ್ಲವೋ, ಅಕ್ಕ ಕಿರುಚಿ ಮಂಚ ಅಲುಗಾಡುವಂತೆ ನಗತೊಡಗಿದಳು. "ಬೇಡ ಕಣೇ, ಕಚಗುಳಿ!" ತಂಗಿಗೂ ತಡೆಯಲಾಗಲಿಲ್ಲ. ತುಟಿ ಕಚ್ಚಿ ನಿಂತಿದ್ದ ಫಿಸಿಯೋ ಕೊನೆಗೆ ಸ್ಟೂಲಿನ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡಳು.

ಪರದೆ ಸರಿಸಿ ಮಂಡಿನೋವಿನ ಅಜ್ಜ ಇಣುಕಿದರು. "ಇವರಿಗೆ ಏನು ಕೊಟ್ಯೋ ನಂಗೂ ಅದೇ ಕೊಡಮ್ಮ."

"ನಗಲಿ ಬಿಡಿ ಅಜ್ಜ, ಹೊಟ್ಟೆ ತುಂಬ ಉಸಿರಾಡಿದ್ರೆ ದ್ರವ ಹರಿಯೋಕೂ ಒಳ್ಳೇದು" ಎಂದು ಫಿಸಿಯೋ ಕಣ್ಣೊರೆಸಿಕೊಂಡಳು. ಆಮೇಲೆ ಪದರದ ಮೇಲೆ ಪದರ ಬ್ಯಾಂಡೇಜು ಸುತ್ತಿದಳು. ಅಕ್ಕ ಆ ದಿಂಬಿನಂಥ ಕೈಯನ್ನು ಎತ್ತಿ ನೋಡಿ, "ಇದನ್ನ ಕಿಟಕಿಯಾಚೆ ಹಾಕಿದ್ರೆ ಲಾರಿಗಳೂ ದಾರಿ ಬಿಡ್ತವೆ" ಎಂದಳು. ಮತ್ತೆ ನಗು ಶುರುವಾಯಿತು.

ಕೆಲವು ವಾರಗಳಲ್ಲಿ ಊತ ಸಾಕಷ್ಟು ಇಳಿಯಿತು. ಪೂರ್ತಿ ಹೋಗಲಿಲ್ಲ, ದಿನವೂ ಬಿಗಿಯಾದ ತೋಳುಚೀಲ ಹಾಕಬೇಕು, ವ್ಯಾಯಾಮ ಬಿಡಬಾರದು. ಆಗಲಿ ಎಂದಳು ಅಕ್ಕ.

ಕೆಲಸಕ್ಕೆ ಮರಳಿದ ಬೆಳಿಗ್ಗೆ ಖಾಲಿ ಡಿಪೋದಲ್ಲಿ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸಿ, ಸುಮ್ಮಸುಮ್ಮನೆ ಉದ್ದಕ್ಕೆ ಹಾರನ್ ಒತ್ತಿದಳು. ಮ್ಯಾನೇಜರ್ ಹೊರಗೆ ಓಡಿಬಂದರು.

"ಏನಮ್ಮಾ, ಯಾರು ಅಡ್ಡ ಬಂದ್ರು?"

"ಯಾರೂ ಇಲ್ಲ ಸಾರ್, ಅದಕ್ಕೇ!"