ಬಬಾಯ್ ಗುಂಡಿಯ ಗುಟ್ಟು

ದೊಡ್ಡ ಅಲೆಯೊಂದು ಕಿರಿಬಾಟಿಯ ನಮ್ಮ ದ್ವೀಪವನ್ನು ದಾಟಿಹೋದಾಗ ಊರಿನ ಬಬಾಯ್ ಗುಂಡಿಗಳಿಗೆಲ್ಲ ಉಪ್ಪುನೀರು ನುಗ್ಗಿ, ಕೆಸುವಿನ ಜಾತಿಯ ಆ ಗೆಡ್ಡೆಗಳು ಕೊಳೆತವು. ನನ್ನ ಅತ್ತೆ ಕತರೈನಾ ಅಳಲಿಲ್ಲ. ಮಳೆ ಹುಯ್ದು ನೆಲದ ಉಪ್ಪು ಇಳಿಯುವುದನ್ನೇ ಕಾದಿದ್ದು, ಗುದ್ದಲಿ ಹಿಡಿದು ತೆಂಗಿನ ತೋಪಿನ ನಡುವೆ ಹೊಸ ಗುಂಡಿ ತೋಡತೊಡಗಿದರು. ಸಿಹಿನೀರು ಕಾಣುವವರೆಗೆ ನಾನೂ ತೋಡಿದೆ.

ಉಳಿದಿದ್ದ ಸಸಿಗಳನ್ನು ನೆಟ್ಟಾಯಿತು. ಇನ್ನು ಗೊಬ್ಬರ ಹಾಕಬೇಕು ಎನ್ನುವಾಗ ನಾನು ಕೊಡ ಎತ್ತಿಕೊಂಡು ಹೊರಟೆ. ಬಬಾಯ್‌ಗೆ ಯಾವ ಸೊಪ್ಪನ್ನು ಹೇಗೆ ಉಣಿಸಬೇಕೆಂಬುದು ನಮ್ಮಲ್ಲಿ ಆಯಾ ಮನೆತನದ ಗುಟ್ಟು. ನಾನು ಸೊಸೆಯಾಗಿ ಬಂದಾಗಿನಿಂದಲೂ ಅತ್ತೆ ಆ ಹೊತ್ತಿಗೆ ಸರಿಯಾಗಿ ನನ್ನನ್ನು ನೀರಿಗೆ ಅಟ್ಟುತ್ತಿದ್ದರು.

"ಎಲ್ಲಿಗೆ ಹೊರಟೆ? ಕೊಡ ಇಡು. ಊರಿನ ಹೆಂಗಸ್ರನ್ನೆಲ್ಲ ಕರ್ಕೊಂಡು ಬಾ. ನಾನು ಸೊಪ್ಪು ಹಾಕೋದನ್ನ ಎಲ್ರೂ ನೋಡ್ಲಿ."

ನನಗೆ ಮೈಯೆಲ್ಲ ಉರಿಯಿತು. "ಇಷ್ಟು ವರ್ಷ ನಾನೊಬ್ಳು ಕಳ್ಳಿ. ಈಗ ಊರಿಗೂರೇ ನೆಂಟ್ರಾಯ್ತಾ ಅತ್ತೆ?"

"ನಿಂಗೆ ಹೇಳಿದ್ರೆ ತವರಿಗೆ ಮುಟ್ಟಿಸ್ತೀಯ ಅಂತ ಹೆದರಿದ್ದೆ ಕಣೇ. ಈಗ ಅವ್ರಿಗೂ ಹೇಳು. ನಮ್ಮದೊಂದೇ ಗುಂಡಿ ಹಸಿರಾದ್ರೆ ಊರು ಉಳಿಯತ್ತಾ?"

ಕೊಡ ಕುಕ್ಕಿ ಹೊರಟೆ. ಪಕ್ಕದ ಮನೆಯ ತೆಕಿಯಾ ಊರು ಬಿಡಲೆಂದು ಚಾಪೆ ಸುತ್ತಿ, ಗಂಟು ಕಟ್ಟುತ್ತಿದ್ದಳು.

"ಗಂಟು ಬಿಚ್ಚೇ ತೆಕಿಯಾ, ಗುದ್ದಲಿ ತಗೊಂಡು ಬಾ!" ಎಂದು ಬೀದಿಯಿಂದಲೇ ಕೂಗಿದೆ. "ನಮ್ಮತ್ತೆ ಬಾಯಿ ಬಿಡ್ತಿದ್ದಾರೆ!"

ತೆಕಿಯಾಳ ಕೈಯಿಂದ ಹಗ್ಗ ಜಾರಿತು.