ವಿಜಯಶ್ರೀಯ ನೂರೊಂದು ಸುತ್ತು

ಹುಮನಾಬಾದಿನ ಪೇಟೆಯಲ್ಲಿ ತೊಗರಿ ವ್ಯಾಪಾರ ಮಾಡುವ ಮಹಾರುದ್ರಪ್ಪನ ಮಗಳು ವಿಜಯಶ್ರೀ ಊಟ ಬಿಟ್ಟಾಗ ಊರೆಲ್ಲ ಹೊಗಳಿತು. ಹುಡುಗಿ ಒಂದು ರೊಟ್ಟಿ ಹೆಚ್ಚು ತಿಂದರೆ ನಮ್ಮ ಜನಕ್ಕೆ ದೂರದಿಂದಲೇ ಕಾಣುತ್ತದೆ; ನಾಲ್ಕು ಕಡಿಮೆ ತಿಂದರೆ ಎದುರಿಗೆ ಕೂತರೂ ಕಾಣುವುದಿಲ್ಲ. ಬಿ.ಕಾಂ. ಎರಡನೇ ವರ್ಷದ ಈ ಹುಡುಗಿ ಬೆಳಗ್ಗೆ ಹೈವೇ ಪಕ್ಕ ಓಡಿದಳು, ಸಂಜೆ ಮಾಳಿಗೆಯ ಮೇಲೆ ಹಗ್ಗ ಹಾರಿದಳು, ಕೂತು ಓದಬೇಕಾದ ಪುಸ್ತಕವನ್ನು ಅಡ್ಡಾಡುತ್ತ ಓದಿದಳು. "ಏನ್ ಶಿಸ್ತರಿ ನಿಮ್ಮ ಮಗಳದು! ನಮ್ಮವು ನೋಡ್ರಿ, ಹೊದ್ದು ಮಲಗ್ಯಾವ," ಎಂದು ಓಣಿಯ ಹೆಂಗಸರು ಕಸ್ತೂರಿಬಾಯಿಗೆ ಹೇಳಿದರು. ಸುಳ್ಳು ಯಾಕೆ, ತಾಯಿ ಕಸ್ತೂರಿಬಾಯಿ ಉಬ್ಬಿಹೋದಳು. ಮಗಳ ಚೂಡಿದಾರಗಳನ್ನು ಬಿಗಿ ಮಾಡಿಸಲು ಮೂರು ಸಲ ದರ್ಜಿಯ ಹತ್ತಿರ ಹೋದವಳೂ ಅವಳೇ.

ಹುಡುಗಿ ಕಾಲೇಜಿನ ಮೆಟ್ಟಿಲ ಮೇಲೆ ಧೊಪ್ಪನೆ ಬಿದ್ದಾಗ ಆ ಉಬ್ಬು ಇಳಿಯಿತು. ಬಸವಕಲ್ಯಾಣದಲ್ಲಿ ಮನೋರೋಗದ ಡಾಕ್ಟರ್ ಸಪ್ನಾ ನಾಡಿ ನೋಡಿದರು. ನಿಮಿಷಕ್ಕೆ ಮೂವತ್ತೊಂಬತ್ತು.

"ಇದು ಶಿಸ್ತಲ್ಲರಿ, ರೋಗ," ಎಂದರು. "ಊಟದ ಹೆದರಿಕಿ ಈಕಿನ್ನ ಓಡಸಾಕತ್ತದ. ಹೃದಯ ಸೋತದ. ದಿನಾ ಆರು ಸಲ ಉಣಸ್ರಿ. ಉಂಡ ಮ್ಯಾಲ ಒಂದ್ ತಾಸು ಯಾರರೆ ಬಾಜೂಕ ಕೂಡ್ರಿ. ನಡಿಗಿ, ಓಟ ಸದ್ಯಕ್ಕ ಬಂದ್. ನಾಡಿ ಸುಧಾರಿಸಿದ ಮ್ಯಾಲ ಸಾವಕಾಶ ಸುರು ಮಾಡೋಣು. ಇಲ್ಲಂದ್ರ ಒಂದಿನ ನಡಕೋತನ ಜೀವಾ ಹೋಗ್ತದ."

ವಾಪಸು ಬರುವಾಗ ಮಹಾರುದ್ರಪ್ಪ ಕಾರಿನಲ್ಲೇ ತೀರ್ಪು ಕೊಟ್ಟ. "ನನಗ ಶುಗರ್ ಅದಂತ ಎಲ್ಲಾ ಡಾಕ್ಟರೂ ನಡೀರಿ ನಡೀರಿ ಅಂತಾರ. ಈ ಡಾಕ್ಟರ್ ಬಾಯಿ ನಡೀಬ್ಯಾಡ ಅಂತಾಳ. ಯಾವ ಕಾಲೇಜಿನಾಗ ಕಲ್ತಾಳೊ!" ಅಂಗಡಿಯ ಗಾದಿಯಿಂದ ಕಾರಿನ ಬಾಗಿಲವರೆಗೆ ದಿನಾ ನಡೆಯುವ ಮನುಷ್ಯ, ನಡಿಗೆಯ ವಿಷಯ ಅವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು.

ಚಿಕಿತ್ಸೆ ನಾಲ್ಕು ದಿನ ನಡೆಯಿತು. ಐದನೇ ದಿನ ವಿಜಯಶ್ರೀ ತಲೆಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದಳು. "ಅವ್ವಾ, ಜಲ್ದಿ ಆರಾಮ ಆಗ್ಲಿ ಅಂತ ಹರಕಿ ಹೊತ್ತೇನಿ. ಶ್ರಾವಣ ಮುಗಿಯೋತನ ಒಪ್ಪತ್ತು ಊಟ. ದಿನಾ ಗುಡಿಗಿ ನೂರೊಂದು ಸುತ್ತು."

ಮುಗಿಯಿತು ಕಥೆ. ಡಾಕ್ಟರ ಚೀಟಿಯನ್ನು ಯಾರಾದರೂ ಹರಿದಾರು, ಹರಕೆ ಮುರಿಯುವ ಎದೆ ಯಾರಿಗಿದೆ? ಓಟಕ್ಕೆ ಬೀಗ ಹಾಕಿದ ಮನೆ ಭಕ್ತಿಗೆ ಬಾಗಿಲು ತೆಗೆಯಿತು. ಕಾಲು ಅವೇ, ಖಾಲಿ ಹೊಟ್ಟೆ ಅದೇ, ಹೆಸರು ಮಾತ್ರ ಪವಿತ್ರವಾಯಿತು. ಕಸ್ತೂರಿಬಾಯಿಗೆ ತಿಳಿಯಲಿಲ್ಲವೆಂದಲ್ಲ. ದೇವರ ಮಾತಿಗೆ ಅಡ್ಡ ಬಂದು ಮಗಳಿಗೇ ಏನಾದರೂ ಆದರೆ ಎಂದು ಹೆದರಿದಳು. ಡಾಕ್ಟರು ಫೋನ್ ಮಾಡಿ ಕೇಳಿದಾಗ "ಆರಾಮ ಅದಾಳ್ರಿ" ಅಂದುಬಿಟ್ಟಳು.

ಶ್ರಾವಣದ ಕೊನೆಯ ಸೋಮವಾರ ಬಸವಕಲ್ಯಾಣಕ್ಕೆ ಪಾದಯಾತ್ರೆ. ಯಾತ್ರೆಯ ಸಮಿತಿಯ ಬಂಡೆಪ್ಪ ಮನೆಗೇ ಬಂದ. "ವಿಜಯಶ್ರೀನೇ ಮುಂದ ಧ್ವಜ ಹಿಡೀಬೇಕ್ರಿ. ಇಂಥ ನಿಷ್ಠಿ ಈ ತಾಲೂಕಿನಾಗ ಯಾರಿಗದ?" ಮಹಾರುದ್ರಪ್ಪನ ಎದೆ ಅಂಗಿಯ ಗುಂಡಿ ಕಿತ್ತು ಹೊರಬರುವುದೊಂದು ಬಾಕಿ.

"ಡಾಕ್ಟರು ಬ್ಯಾಡಂದಾರ," ಎಂದಳು ಕಸ್ತೂರಿಬಾಯಿ.

"ಒಂದಿನದ ಮಾತು, ಸುಮ್ನಿರು," ಎಂದ ಗಂಡ. ಯಾತ್ರೆಯ ದಿನ ಅವಳು ಮನೆಯಲ್ಲಿ ಕೂಡಲಾಗದೆ ನೀರಿನ ಡ್ರಮ್ಮು ಹೊತ್ತ ಪೀರ್ ಪಾಷಾನ ಟಂಟಂ ಆಟೋ ಹತ್ತಿ ಯಾತ್ರೆಯ ಹಿಂದೆಯೇ ಹೊರಟಳು. ಬಂಡೆಪ್ಪ ಮೋಟಾರ್ ಸೈಕಲ್ ಮೇಲೆ ಹಿಂದೆ ಮುಂದೆ ತಿರುಗುತ್ತಿದ್ದ. ಪಾದಯಾತ್ರೆಯ ವ್ಯವಸ್ಥೆ ನೋಡುವವರು ಪಾದ ಸವೆಸಬಾರದೆಂದು ನಿಯಮವಿರಬೇಕು.

ರಾಜೇಶ್ವರ ದಾಟಿದ ಮೇಲೆ ಒಂದು ಬೇವಿನ ಮರದ ಕೆಳಗೆ ಪ್ರಸಾದ. ಎಲ್ಲರೂ ಕಾಲು ಚಾಚಿ ಗೋಧಿ ಹುಗ್ಗಿ ಬಡಿಯುತ್ತಿದ್ದರು. ವಿಜಯಶ್ರೀ ಮಾತ್ರ ಧ್ವಜ ಹಿಡಿದುಕೊಂಡೇ ಮರ ಸುತ್ತುತ್ತಿದ್ದಳು. ತುಟಿ ನೀಲಿಗಟ್ಟಿತ್ತು. "ನೋಡ್ರೆ, ದಣಿವಂಬೋದ ಇಲ್ಲ!" ಎಂದು ಇಬ್ಬರು ಹೆಂಗಸರು ಹುಗ್ಗಿಯ ಕೈ ತೊಳೆದುಕೊಂಡು ಬಂದು ಅವಳ ಕಾಲಿಗೆ ಬಿದ್ದರು. ಅವಳು ಅವರ ಪಕ್ಕದಿಂದ ಸರಿದು ಮುಂದೆ ಹೋದಳು.

ಕಸ್ತೂರಿಬಾಯಿ ಮಂಡಿನೋವು ಮರೆತು ಮಗಳ ಪಕ್ಕ ಹೆಜ್ಜೆ ಹಾಕಿದಳು. "ಸಾಕು ಕೂಡವ್ವ."

"ಇನ್ನ ಎರಡ ಸುತ್ತು."

ಎರಡಾದವು. "ಈಗ ಕೂಡು."

"ಇನ್ನ ಎರಡು."

ತಾಯಿ ಅವಳ ಮುಂಗೈ ಹಿಡಿದು ಜಗ್ಗಿದಳು. ಹಿಡಿದ ಬೆರಳುಗಳಿಗೆ ಬರೀ ಎಲುಬು ಸಿಕ್ಕಿತು. "ಖರೆ ಹೇಳು. ಯಾವ ದೇವರಿಗಿ ಹೊತ್ತಿ ಈ ಹರಕಿ?"

ಹುಡುಗಿ ನಿಂತಲ್ಲೇ ಕಾಲು ಬಡಿಯುತ್ತ ಅಳತೊಡಗಿದಳು. "ಯಾವ ದೇವರಿಗೂ ಇಲ್ಲ. ನನಗ ನಿಲ್ಲಾಕ ಬರವಲ್ದವ್ವಾ. ಕೂತ್ರ ಜೀವಾ ಹೋದಂಗ ಆಗ್ತದ. ಯಾರರೆ ನನ್ನ ನಿಲ್ಲಸ್ರಿ."

ಅಯ್ಯೋ, ಇಷ್ಟು ದಿನ ಊರು ಯಾವುದಕ್ಕೆ ಕೈ ಮುಗಿಯುತ್ತಿತ್ತೋ ಅದು ಈ ಕೂಸಿನ ಚೀರಾಟವಾಗಿತ್ತು. ಕಸ್ತೂರಿಬಾಯಿಗೆ ಸಿಟ್ಟು ಬಂತು, ಮೊದಲು ತನ್ನ ಮೇಲೆ, ನಂತರ ಉಳಿದವರೆಲ್ಲರ ಮೇಲೆ. "ಪೀರ್ ಪಾಷಾ, ಡ್ರಮ್ಮ ಇಳಸು! ದವಾಖಾನಿಗಿ ನಡಿ! ಏ ತಂಗೀರೆ, ಕಾಲಿಗಿ ಬೀಳೋದು ಸಾಕು, ಈಕಿನ್ನ ಎತ್ತಿ ಗಾಡ್ಯಾಗ ಕೂಡಸ್ರಿ!"

ಬಂಡೆಪ್ಪ ಓಡಿ ಬಂದ. "ಅಕ್ಕಾ, ನಡಬರಕ ಹರಕಿ ಮುರದ್ರ ಪಾಪ ಹತ್ತತದ!"

"ನನಗ ಹತ್ತಲಿ. ಆ ಧ್ವಜ ನೀ ಹಿಡಿ, ಇಲ್ಲಿತನ ಗಾಡಿ ಮ್ಯಾಲ ಬಂದೀಯಲ್ಲ, ಇನ್ನ ಮುಂದರೆ ನಡಿ."

ಬಸವಕಲ್ಯಾಣದ ದವಾಖಾನೆಯಲ್ಲಿ ಡಾಕ್ಟರ್ ಸಪ್ನಾ ಬೈಯಲಿಲ್ಲ. ಫೋನಿನಲ್ಲಿ ಆರಾಮ ಅದಾಳ ಅಂದವಳನ್ನು ಒಮ್ಮೆ ನೋಡಿದರು, ಅಷ್ಟೇ. ಹುಡುಗಿಯನ್ನು ವಾರ್ಡಿಗೆ ಸೇರಿಸಿಕೊಂಡರು.

ಮೂರನೇ ದಿನ ಮಹಾರುದ್ರಪ್ಪ ಚೀಲ ಹಿಡಿದು ಬಂದ. ವಿಜಯಶ್ರೀ ಮಂಚದ ಮೇಲೆ ಮೊಸರನ್ನದ ಬಟ್ಟಲು ನೋಡುತ್ತ ಕೂತಿದ್ದಳು. ಅಪ್ಪ ಚೀಲದಿಂದ ಜರಿಯಂಚಿನ ಶಾಲು ತೆಗೆದ. "ಸಮಿತಿಯವರು ಸನ್ಮಾನ ಮಾಡ್ಯಾರವ್ವ. ನೀ ಇಲ್ಲಂತ ನನಗ ಹೊದಿಸ್ಯಾರ. ಬಂಡೆಪ್ಪ ಭಾಷಣನೂ ಮಾಡ್ದ. ತಗೊ, ಹೊದ್ಕೊ."

ವಿಜಯಶ್ರೀ ಶಾಲನ್ನು ಕೈಯಿಂದ ಸರಿಸಿದಳು. "ಬ್ಯಾಡಪ್ಪಾ. ಇದನ್ನ ಹೊದ್ಕೊಂಡ್ರ ನಾ ಮತ್ತ ನಡೀಬೇಕಾಗ್ತದ."

ಇಡೀ ಪೇಟೆಯನ್ನೇ ಮಾತಿನಲ್ಲಿ ಮಣಿಸುವ ಮನುಷ್ಯ ಶಾಲನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿದ. ಕಣ್ಣು ಒರೆಸಿಕೊಂಡು ಸ್ಟೂಲು ಎಳೆದ. "ನಾ ಬಾಜೂಕ ಕೂತ್ರ ಉಣ್ತೀಯೇನವ್ವ?"

"ನೀ ಏನೂ ಮಾತಾಡಬಾರದು."

ಮಹಾರುದ್ರಪ್ಪ ತಲೆ ಆಡಿಸಿದ. ವಿಜಯಶ್ರೀ ಚಮಚ ಎತ್ತಿದಳು. ಬಟ್ಟಲು ಖಾಲಿಯಾಗಲು ಮುಕ್ಕಾಲು ತಾಸು ಹಿಡಿಯಿತು, ಅಪ್ಪ ಒಂದಕ್ಷರ ಆಡಲಿಲ್ಲ.